ಅವ್ವನ ಟ್ರಂಕಿನ ಬಟ್ಟೆ: ಯಾವುದನ್ನು ಇಡಬೇಕು, ಯಾವುದಕ್ಕೆ ಕತ್ತರಿ ಹಾಕಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯ ನವನಗರದಲ್ಲಿ ಹೊಲಿಗೆ ಕಲಿಸುತ್ತೇನೆ. ಕ್ಲಾಸಿಗೆ ಬರುವವರು ಮಷಿನ್ ಬಗ್ಗೆ ಕೇಳುವುದಕ್ಕಿಂತ ಮನೆಯ ಹಳೆ ಬಟ್ಟೆ ಬಗ್ಗೆ ಕೇಳುವುದೇ ಜಾಸ್ತಿ. ಆಲಮಟ್ಟಿ ಹಿನ್ನೀರು ಬಂದು ಹಳೆ ಊರು ಬಿಟ್ಟಾಗ ಹೊತ್ತು ತಂದ ಟ್ರಂಕುಗಳು ಇಲ್ಲಿ ಎಷ್ಟೋ ಮನೆಗಳಲ್ಲಿ ಇನ್ನೂ ಮಂಚದ ಕೆಳಗೇ ಇವೆ. ಅವ್ವನೋ ಅತ್ತೆಯೋ ತೀರಿಕೊಂಡ ಮೇಲೆ ಯಾರೋ ಒಬ್ಬರು ಬೀಗ ತೆಗೆಯುತ್ತಾರೆ. ಆಮೇಲೆ ಪ್ರಶ್ನೆಗಳು ಶುರು.

ಯಾವ ಪ್ರಶ್ನೆ ಬಂದರೂ ನಾನು ಮೊದಲು ನೋಡುವುದು ಬಟ್ಟೆಯಲ್ಲಿ ಎಷ್ಟು ಜೀವ ಉಳಿದಿದೆ ಅನ್ನುವುದನ್ನು. ಅದು ಯಾರದು, ಎಷ್ಟಕ್ಕೆ ತಂದದ್ದು ಅನ್ನುವುದು ಆಮೇಲಿನ ಮಾತು.

ಟ್ರಂಕು ತೆಗೆದ ದಿನ ಮೊದಲು ಏನು ಮಾಡಬೇಕು?

ಕತ್ತರಿಯನ್ನು ಕೈಗೆ ಸಿಗದ ಕಡೆ ಇಡಿ. ಅಂಗಳದಲ್ಲೋ ಮಾಳಿಗೆ ಮೇಲೋ ನೆರಳು ಇರುವ ಕಡೆ ಹಳೆ ಚಾಪೆ ಹಾಸಿ ಎಲ್ಲವನ್ನೂ ಬಿಡಿಸಿ ಹರವಿ. ಒಂದು ದಿನ ಗಾಳಿಗೆ ಬಿಡಿ. ವಿಜಯಪುರದ ಏಪ್ರಿಲ್ ಬಿಸಿಲಿಗೆ ನೇರವಾಗಿ ಹಾಕಬೇಡಿ, ಮಡಿಕೆಯ ಗೆರೆಯಲ್ಲಿ ಬಣ್ಣ ಹಾರಿಹೋಗುತ್ತದೆ. ಬೆಳಗಾವಿ ಕಡೆಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ. ಹರವಿದ ಬಟ್ಟೆ ಒಳಗೆ ಬರುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.

ಹರವುವಾಗ ಮನೆಯ ಹಿರಿಯರನ್ನು ಹತ್ತಿರ ಕೂರಿಸಿಕೊಳ್ಳಿ. "ಇದು ಸಣ್ಣ ಕಾಕಾನ ಮದುವೆಯ ಆಹೇರಿ", "ಇದು ನಿನ್ನ ತೊಟ್ಟಿಲಿಗೆ ಹಾಕಿದ್ದು" ಎಂದು ಅವರು ಹೇಳುತ್ತಾ ಹೋಗುತ್ತಾರೆ. ಅದನ್ನು ಆಗಲೇ ಬರೆದುಕೊಳ್ಳಿ. ಬಿಳಿ ಹತ್ತಿ ನಾಡದ (ಲಾಡಿಯ) ತುಂಡಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಬಟ್ಟೆಗೆ ಒಂದು ಸಡಿಲ ಹೊಲಿಗೆ ಹಾಕಿದರೆ ಸಾಕು. ಗುಂಡುಪಿನ್ನು ಚುಚ್ಚಿದರೆ ತುಕ್ಕಿನ ಕಲೆ ಬೀಳುತ್ತದೆ.

ಬಟ್ಟೆಯಲ್ಲಿ ಜೀವ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಎರಡೂ ಕೈಯ ಹೆಬ್ಬೆರಳು ಹತ್ತಿರ ಇಟ್ಟು ಬಟ್ಟೆ ಹಿಡಿದು ಮೆಲ್ಲಗೆ ಜಗ್ಗಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಎರಡೂ ಕಡೆ ನೋಡಲೇಬೇಕು, ಏಕೆಂದರೆ ಹಾಸಿನ (ಉದ್ದದ) ನೂಲು ಗಟ್ಟಿಯಿದ್ದು ಹೊಕ್ಕಿನ (ಅಡ್ಡದ) ನೂಲು ಸತ್ತಿರುತ್ತದೆ, ಇಲ್ಲವೇ ಅದರ ಉಲ್ಟಾ. "ಚರ್" ಎಂಬ ಸಣ್ಣ ಸದ್ದು ಬಂದರೆ ಅದು ಹೊಲಿಗೆ ತಾಳುವುದಿಲ್ಲ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಚಾಳಣಿ ಹಿಡಿದ ಹಾಗೆ ಬೆಳಕು ಸೋರುವ ಜಾಗಗಳು ಕಾಣುತ್ತವೆ.

ಸೀರೆಯಾದರೆ ಎಲ್ಲಿ ಸವೆದಿರುತ್ತದೆ ಎಂದು ಉಟ್ಟವರಿಗೆ ಹೇಳಬೇಕಿಲ್ಲ. ಸೊಂಟಕ್ಕೆ ಸಿಕ್ಕಿಸುವ ಮೊದಲ ಗಜ ಬೆವರಿಗೆ ಬಣ್ಣ ಕಳೆದುಕೊಂಡಿರುತ್ತದೆ. ಕೂತು ಏಳುವ ಹಿಂಭಾಗ ತೆಳ್ಳಗಾಗಿರುತ್ತದೆ. ಕಾಲಿಗೆ ತಾಗುವ ಕೆಳಗಿನ ದಡಿ (ಅಂಚಿನ ಪಟ್ಟಿ) ಹರಿದಿರುತ್ತದೆ. ತಲೆ ಮೇಲೆ ಹೊದ್ದ ಸೆರಗಿನಲ್ಲಿ ಕೊಬ್ಬರಿ ಎಣ್ಣೆಯ ಕಲೆ. ನಿರಿಗೆಯ ಭಾಗ ಮತ್ತು ಮೇಲಿನ ದಡಿ ಮಾತ್ರ ಬಹಳ ಸಲ ಹೊಸದರಂತೆಯೇ ಇರುತ್ತವೆ. ಒಂಬತ್ತು ಗಜದ ಸೀರೆ ಅಂದರೆ ಎಂಟು ಮೀಟರಿಗೂ ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧ ಹೋಗಿದ್ದರೂ ಬೇಕಾದಷ್ಟು ಬಟ್ಟೆ ಉಳಿಯುತ್ತದೆ.

ಹಳೆಯ ಕಪ್ಪು ಬಟ್ಟೆಯನ್ನು ಇನ್ನೂ ಜೋಪಾನವಾಗಿ ನೋಡಿ. ಕಬ್ಬಿಣದ ಅಂಶವಿದ್ದ ಹಿಂದಿನ ಕಪ್ಪು ಬಣ್ಣ ನೂಲನ್ನು ಒಳಗಿಂದಲೇ ತಿಂದಿರುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಕೈಯಲ್ಲಿ ಹಿಡಿದರೆ ಪುಡಿ.

ಹತ್ತಿಯೋ, ರೇಷ್ಮೆಯೋ, ಟೆರಿಕಾಟೋ ಗೊತ್ತಾಗುತ್ತಿಲ್ಲ. ಏನು ಮಾಡಲಿ?

ಅಂಚಿನಿಂದ ನಾಲ್ಕು ಎಳೆ ಎಳೆದು, ಚಿಮುಟದಲ್ಲಿ ಹಿಡಿದು, ನೀರು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕರಿ ಗುಂಡು ಉಳಿದರೆ ರೇಷ್ಮೆ. ಕರಗಿ, ಕರಿ ಹೊಗೆ ಬಂದು, ಹಿಸುಕಿದರೂ ಒಡೆಯದ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್, ಟೆರಿಕಾಟಿನಲ್ಲಿ ಹತ್ತಿಯ ಜೊತೆ ಸೇರಿರುವುದು ಇದೇ. ನಮ್ಮ ಕಡೆ ಚಮಕಾ ಎನ್ನುವ ಆರ್ಟ್ ಸಿಲ್ಕ್ ನೋಡಲು ರೇಷ್ಮೆ, ಸುಟ್ಟರೆ ಸಾಮಾನ್ಯವಾಗಿ ಹತ್ತಿಯ ವಾಸನೆ. ಎಷ್ಟೋ ಜನ "ಪ್ಯೂರ್ ಸಿಲ್ಕ್ ಸೆರಗು" ಎಂದು ಕಾಪಾಡಿಕೊಂಡು ಬಂದದ್ದು ಚಮಕಾ ಆಗಿರುತ್ತದೆ. ಬೇಜಾರು ಬೇಡ, ಚೆಂದ ಏನೂ ಕಡಿಮೆಯಾಗಲಿಲ್ಲವಲ್ಲ.

ಹಾಸಿನ ಎಳೆ ಮತ್ತು ಹೊಕ್ಕಿನ ಎಳೆ ಬೇರೆ ಬೇರೆ ಸುಟ್ಟು ನೋಡಿ. ಇಳಕಲ್ ಸೀರೆಯಲ್ಲೂ ಕುಬಸ (ರವಿಕೆ) ಹೊಲಿಯುವ ಖಣದಲ್ಲೂ ಎರಡು ಜಾತಿಯ ನೂಲು ಸೇರಿರುವುದು ಮಾಮೂಲು.

ಕತ್ತರಿಸುವ ಮೊದಲು ತೊಳೆಯಲೇಬೇಕಾ?

ಹತ್ತಿಯನ್ನು ತೊಳೆಯಲೇಬೇಕು. ಹಳೆ ಗಂಜಿ ಉಳಿದಿದ್ದರೆ ಹುಳು ಅದನ್ನೇ ಹುಡುಕಿಕೊಂಡು ಬರುತ್ತದೆ. ರೇಷ್ಮೆ ಇದ್ದರೆ ಅಂಟುವಾಳದ ಕಾಯಿ ನೆನೆಸಿದ ನೀರು ಸಾಕು. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ.

ಮೊದಲು ಬಣ್ಣ ಬಿಡುತ್ತದೆಯೋ ನೋಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಕೆಂಪು ಸೆರಗಿನ ಒಂದು ಮೂಲೆಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಿಳಿ ಕೆಂಪಾಯಿತೋ, ಆ ಸೀರೆಯನ್ನು ಪೂರ್ತಿ ನೀರಿಗೆ ಹಾಕಬೇಡಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ನಂಬಿಕೊಂಡು ಕೂರಬೇಡಿ. ಬೋರಿನ ನೀರು ಗಡಸು ಇರುವ ಊರಿನಲ್ಲಿ ಸೋಪಿನ ಬಿಳಿ ಪೊರೆ ಬಟ್ಟೆ ಮೇಲೆ ಕೂರುತ್ತದೆ. ಕೊನೆಯ ನೀರಾದರೂ ಮಳೆ ನೀರೋ ಫಿಲ್ಟರ್ ನೀರೋ ಆಗಿರಲಿ.

ಇಳಕಲ್ ಸೀರೆ ಕತ್ತರಿಸುವುದು ಪಾಪ ಅಲ್ವಾ?

ಇದು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ಉಡಲು ಬರುವ ಸೀರೆಯನ್ನು ಕತ್ತರಿಸಬೇಡಿ. ಒಳ್ಳೆಯ ಸೀರೆ ಕತ್ತರಿಸಿ ದಿಂಬಿನ ಕವರ್ ಮಾಡುವುದು ನನಗೆ ಹಿಡಿಸುವುದಿಲ್ಲ. ಆದರೆ ನಡುವೆ ಹರಿದ ಸೀರೆಯನ್ನು ಮಡಿಸಿ ಇಟ್ಟುಕೊಂಡರೆ ಮಡಿಕೆಯಲ್ಲೇ ಸೀಳುತ್ತಾ ಹೋಗುತ್ತದೆ. ಅಂಥದ್ದಕ್ಕೆ ಕತ್ತರಿ ಹಾಕಿದರೆ ಒಳ್ಳೆಯದೇ.

ಮೊದಲು ಸೆರಗು ತಿರುಗಿಸಿ ಅದು ಒಡಲಿಗೆ (ಸೀರೆಯ ನಡುವಿನ ಉದ್ದ ಭಾಗಕ್ಕೆ) ಕೂಡಿದ ಜಾಗ ನೋಡಿ. ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಅಡ್ಡಕ್ಕೆ ಒಂದು ಸಣ್ಣ ಸಾಲು ಕೈಗೆ ಸಿಗುತ್ತದೆ. ಆ ಸಾಲಿನ ಮೇಲಾಗಲಿ, ಅದಕ್ಕೆ ತೀರಾ ಹತ್ತಿರವಾಗಲಿ ಕತ್ತರಿಸಬೇಡಿ. ಸೆರಗು ಬೇಕೆಂದರೆ ಒಡಲಿನ ಕಡೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಆ ಬಟ್ಟೆಯನ್ನು ಒಳಗೆ ಮಡಿಸಿ ಹೊಲಿಯಿರಿ. ಆಗ ಕೊಂಡಿ ಬಿಡುವುದಿಲ್ಲ.

ಇಳಕಲ್ಲಿನ ಕೆಂಪು ಬಿಳಿ ವಿನ್ಯಾಸದ, ಟೋಪ್ ತೆನಿ ಎನ್ನುವ ಸೆರಗು ಹಾಗೇ ಒಂದು ಚಿತ್ರದಂತಿರುತ್ತದೆ. ಅದನ್ನು ತುಂಡು ಮಾಡದೆ ಹತ್ತಿಯ ಅಸ್ತರ ಕೊಟ್ಟು ಗೋಡೆಗೆ ತೂಗುಹಾಕಬಹುದು. ದುಪಟ್ಟಾದ ಎರಡು ತುದಿಗೆ ಜೋಡಿಸಲು ಹೋದರೆ ಒಂದು ಸೀರೆಗೆ ಒಂದೇ ಸೆರಗು, ಇನ್ನೊಂದು ತುದಿಗೆ ಬೇರೆ ಸೀರೆ ಬೇಕು. ಇದನ್ನು ಮೊದಲೇ ಯೋಚಿಸಿ.

ದಡಿಗೆ ಉಪಯೋಗ ಬಹಳ. ಗೋಮಿ, ಗಾಡಿ, ಚಿಕ್ಕಿ ಪರಾಸ, ಯಾವ ನಮೂನೆಯದೇ ಇರಲಿ, ದಡಿ ಸಾಮಾನ್ಯವಾಗಿ ಒಡಲಿಗಿಂತ ಜಾಸ್ತಿ ದಿನ ಬಾಳುತ್ತದೆ. ಬಿಡಿಸಿದ ದಡಿಯನ್ನು ಸಾದಾ ಹತ್ತಿ ಸೀರೆಗೆ, ಹುಡುಗಿಯ ಲಂಗದ ಅಂಚಿಗೆ, ಪರದೆಗೆ, ಚೀಲದ ಹಿಡಿಗೆ ಹಚ್ಚಬಹುದು. ಬಿಡಿಸುವಾಗ ಒಡಲಿನ ಅರ್ಧ ಇಂಚು ಬಟ್ಟೆ ಜೊತೆಗೇ ಬರಲಿ.

ಒಡಲಿನ ಬಟ್ಟೆ ಮೆತ್ತಗಾಗಿದ್ದರೆ ಅದು ಕೌದಿಗೆ (ಹಳೆ ಬಟ್ಟೆಯ ಪದರಗಳನ್ನು ಹೊಲಿದು ಮಾಡುವ ಹೊದಿಕೆಗೆ). ಗಟ್ಟಿಯಿದ್ದರೆ ಕುರ್ತಾ, ಮಕ್ಕಳ ಫ್ರಾಕು. ಚೌಕಳಿ ಒಡಲಾದರೆ ಗೆರೆಗೆ ಗೆರೆ ಕೂಡಿಸಲು ಬಟ್ಟೆ ಜಾಸ್ತಿ ಹೋಗುತ್ತದೆ, ಲೆಕ್ಕದಲ್ಲಿ ಇರಲಿ.

ಕಸೂತಿ ಇರುವ ಸೀರೆ ಸಿಕ್ಕಿದೆ. ಕೈಯದೋ ಮಷಿನ್ನಿನದೋ?

ತಿರುಗಿಸಿ ನೋಡಿ. ಕೈಯ ಕಸೂತಿಯ ಗವಂತಿ ಮತ್ತು ಮುರಗಿ ಹೊಲಿಗೆ ಹಿಂದೆ ಮುಂದೆ ಒಂದೇ ತರ ಕಾಣುತ್ತವೆ, ಗಂಟು ಇರುವುದಿಲ್ಲ. ನೇಗಿ ಹೊಲಿಗೆಯಲ್ಲಿ ಮುಂದೆ ದಾರ ಇದ್ದಲ್ಲಿ ಹಿಂದೆ ಖಾಲಿ, ಮುಂದೆ ಖಾಲಿ ಇದ್ದಲ್ಲಿ ಹಿಂದೆ ದಾರ. ಹೆಂತೆ ಅಂದರೆ ನಾವು ಕ್ರಾಸ್ ಸ್ಟಿಚ್ ಎನ್ನುವುದು. ಮಷಿನ್ನಿನದಾದರೆ ಹಿಂದೆ ಬಾಬಿನ್ ದಾರದ ಬೇರೆ ಸಾಲೇ ಕಾಣುತ್ತದೆ.

ಕೈಯ ಕಸೂತಿಯಾಗಿದ್ದರೆ, ಅದರಲ್ಲೂ ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಯಾಗಿದ್ದರೆ, ಸವೆದಿದ್ದರೂ ಕತ್ತರಿಸಬೇಡಿ. ಬಟ್ಟೆ ಪೂರ್ತಿ ಹೋಗಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಮಾತ್ರ ಗಟ್ಟಿ ಉಳಿದಿದ್ದರೆ, ಆ ಭಾಗಕ್ಕೆ ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ಸಣ್ಣ ಕಚ್ಚಾ ಹೊಲಿಗೆಯಲ್ಲಿ ಹಿಡಿಸಿ. ಅಂಟು ಹಚ್ಚುವುದು ಬೇಡವೇ ಬೇಡ. ಆಮೇಲೆ ಅದರ ನಮೂನೆಯನ್ನು ಚೌಕುಳಿ ಹಾಳೆಯ ಮೇಲೆ ಇಳಿಸಿಕೊಳ್ಳಿ. ಎಳೆ ಎಣಿಸಿ ಹಾಕಿದ ಕೆಲಸವಾದ್ದರಿಂದ ಒಂದು ಎಳೆಯೂ ತಪ್ಪದೆ ಮತ್ತೆ ಹಾಕಬಹುದು. ನನ್ನ ಕೇಳಿದರೆ, ಅವ್ವನ ಕಸೂತಿಗೆ ಮಗಳು ಕೊಡುವ ಮರ್ಯಾದೆ ಇದು. ಫ್ರೇಮು ಹಾಕಿಸುವುದು ಸುಲಭ, ಅಷ್ಟೇ.

ವಿಜಯಪುರದ ತಾಂಡಾದಿಂದ ಬಂದ ಕನ್ನಡಿ ಕೆಲಸದ ತುಂಡುಗಳು ಇವೆ. ಬಟ್ಟೆ ಹರಿದಿದೆ.

ಲಂಬಾಣಿ ಫೇಟಿಯಾ (ಲಂಗ), ಕಾಂಚಳಿ (ರವಿಕೆ)ಗಳಲ್ಲಿ ಕಸೂತಿಯೇ ಬಟ್ಟೆಗಿಂತ ಜಾಸ್ತಿ ಬಾಳುತ್ತದೆ. ಕನ್ನಡಿ, ಕವಡೆ ಬಿಡಿಸಬೇಡಿ. ಸುತ್ತ ಒಂದು ಬೆರಳು ಬಟ್ಟೆ ಬಿಟ್ಟು ಕತ್ತರಿಸಿ, ಗಟ್ಟಿ ಹೊಸ ಹತ್ತಿ ಬಟ್ಟೆಯ ಮೇಲೆ ಇಟ್ಟು ಅಂಚು ಮಡಿಸಿ ಕೈಹೊಲಿಗೆ ಹಾಕಿ. ಚೀಲಕ್ಕೆ ಚೆನ್ನ. ಕೂರುವ ಕುರ್ಚಿಗೆ ಬೇಡ, ಕನ್ನಡಿ ಒಡೆಯುತ್ತದೆ.

ಉಡಿ (ಮಡಿಲು) ತುಂಬಿದ ಖಣಗಳ ಗುಡ್ಡೆಯೇ ಇದೆ. ಏನು ಮಾಡುವುದು?

ನಮ್ಮ ಕಡೆ ಇದು ಎಲ್ಲರ ಮನೆಯ ಸಮಸ್ಯೆ. ಒಬ್ಬರು ಉಡಿ ತುಂಬಿದ್ದನ್ನು ಇನ್ನೊಬ್ಬರಿಗೆ ತುಂಬಿ, ಅದು ಊರೆಲ್ಲ ಸುತ್ತಿ ನಮ್ಮ ಮನೆಗೇ ವಾಪಸ್ ಬರುತ್ತದೆ. ಮೊದಲು ಗುಳೇದಗುಡ್ಡದ ಖಣವನ್ನೂ ಅಂಗಡಿಯ ಪಾಲಿಯೆಸ್ಟರ್ ಕುಬಸದ ತುಂಡನ್ನೂ ಬೇರೆ ಮಾಡಿ. ಮಗ್ಗದ ಖಣಕ್ಕೆ ಪನ್ನಾ (ಅಗಲ) ಕಡಿಮೆ, 30 ಇಂಚಿನ ಆಸುಪಾಸು. ಎರಡು ಕಡೆ ದಡಿ, ನಡುವೆ ಸಣ್ಣ ಸಣ್ಣ ಚಿಕ್ಕಿಗಳು. ವಿನ್ಯಾಸ ಹಾಸಿನಲ್ಲೇ ಎದ್ದಿರುತ್ತದೆ. ತಿರುಗಿಸಿದರೆ ಹಿಂದೆ ತೇಲುವ ಎಳೆಗಳು ಕಾಣುತ್ತವೆ.

ಖಣ ಕತ್ತರಿಸಿದ ತಕ್ಷಣ ಅಂಚಿನ ಎಳೆ ಬಿಡಲು ಶುರುವಾಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಹಿಂದೆ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಬಟ್ಟೆ) ಹಚ್ಚಿ ಇಸ್ತ್ರಿ ಮಾಡಿ. ಇಸ್ತ್ರಿ ಬಹಳ ಬಿಸಿ ಬೇಡ, ಚಮಕಾ ಇದ್ದರೆ ಹೊಳಪು ಸಾಯುತ್ತದೆ. ಹೊಲಿಗೆ ಅಂಚು ಅರ್ಧ ಇಂಚಿಗಿಂತ ಕಡಿಮೆ ಬಿಡಬೇಡಿ, ಇಂಟರ್‌ಲಾಕ್ ಮಾಡಿಸಿ.

ಪನ್ನಾ ಕಡಿಮೆ ಇರುವುದರಿಂದ ಸಣ್ಣ ಕೆಲಸಕ್ಕೇ ಇದು ಸರಿ. ಬಾಗಿಲ ತೋರಣ, ಎಲೆ ಅಡಿಕೆ ಚಂಚಿ, ಮೊಬೈಲ್ ಚೀಲ, ದಿಂಬಿನ ಕವರ್, ವಹಿಯ ಹೊದಿಕೆ, ಕೂಸಿನ ತಲೆಗೆ ಹಾಕುವ ಕುಂಚಿಗಿ. ಕುಂಚಿಗಿಗೆ ಒಳಗೆ ಹಳೆ ಧೋತರದ ಅಸ್ತರ ಕೊಡಿ, ಕೂಸಿಗೆ ಚುಚ್ಚಬಾರದಲ್ಲ. ಚಿಕ್ಕ ತುಂಡುಗಳಲ್ಲಿ ಗುಂಡಿಗೆ ಬಟ್ಟೆ ಹೊದಿಸಿದರೆ ಸಾದಾ ಕುರ್ತಾಕ್ಕೆ ಕಳೆ ಬರುತ್ತದೆ.

ಪಾಲಿಯೆಸ್ಟರ್ ತುಂಡುಗಳನ್ನು ಅಸ್ತರಕ್ಕೂ ಹಾಕಬೇಡಿ, ಬೆವರಿಗೆ ಆಗುವುದಿಲ್ಲ. ಸಂತೆಗೆ ಹೋಗುವ ಚೀಲ ಹೊಲಿಯಿರಿ, ಗಟ್ಟಿ ಬರುತ್ತದೆ.

ಕೌದಿಗೆ ಯಾವ ಬಟ್ಟೆ ಹಾಕಬಹುದು, ಯಾವುದು ಬೇಡ?

ಬರೀ ಹತ್ತಿ. ಮೇಲೆ ಕೆಳಗೆ ಸೀರೆಯ ಒಡಲು, ಒಳಗೆ ಧೋತರ, ದುಪ್ಪಟಿ, ಸವೆದ ಪರಕಾರ (ಲಂಗ). ಟೆರಿಕಾಟ್ ಸೇರಿಸಿದರೆ ಬೇಸಿಗೆಯಲ್ಲಿ ಮೈ ಬೇಯುತ್ತದೆ. ತೊಳೆದಾಗ ಹತ್ತಿ ಕುಗ್ಗಿ ಟೆರಿಕಾಟ್ ಹಾಗೇ ಉಳಿದು ಅಲ್ಲಲ್ಲಿ ಉಬ್ಬುತ್ತದೆ. ರೇಷ್ಮೆಯೂ ಬೇಡ, ಕೌದಿಯ ತೊಳೆತ ಅದಕ್ಕೆ ತಾಳುವುದಿಲ್ಲ.

ಮೇಲಿನ ಪದರಕ್ಕೆ ಜೀವ ಇರುವ ಬಟ್ಟೆ, ಒಳಗೆ ಜೀವ ಹೋದದ್ದು. ಜಗ್ಗಿದರೆ ಹರಿಯುವ ಬಟ್ಟೆಗೂ ಒಳಪದರದಲ್ಲಿ ಜಾಗವಿದೆ, ಸುತ್ತಲ ಹೊಲಿಗೆ ಅದನ್ನು ಹಿಡಿದಿಡುತ್ತದೆ. ಪುಡಿಯಾಗುವಂಥದ್ದು ಮಾತ್ರ ಬೇಡ. ತುಂಬ ಪದರ ಹಾಕಬೇಡಿ. ಒಣಗಿದಾಗ ಹಗುರ ಅನಿಸಿದ ಕೌದಿ ನೆನೆದರೆ ಇಬ್ಬರು ಎತ್ತಬೇಕಾಗುತ್ತದೆ. ಹಿಂದೆ ಹೊಳೆಗೆ ಒಯ್ದು ಒಗೆಯುತ್ತಿದ್ದರು, ಈಗ ಬಚ್ಚಲಲ್ಲಿ ಒಗೆಯುವವರು ನೀವೇ.

ಎಲ್ಲ ಪದರವನ್ನು ನೆಲಕ್ಕೆ ಹಾಸಿ, ಸುಕ್ಕು ತೆಗೆದು, ದೊಡ್ಡ ದೊಡ್ಡ ಕಚ್ಚಾ ಹೊಲಿಗೆಯಲ್ಲಿ ಹಿಡಿಸಿಕೊಳ್ಳಿ. ಆಮೇಲೆ ಉದ್ದ ಸೂಜಿ, ದಪ್ಪ ಹತ್ತಿ ದಾರದಲ್ಲಿ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬನ್ನಿ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯೂ ಅಂಚಿನಿಂದ ನಡುವಿಗೇ ಬರುತ್ತದೆ, ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಸಣ್ಣ ಹೂ ಇಡುತ್ತಾರೆ. ನೋಡಿದರೆ ಕಲಿಯಬೇಕು ಅನಿಸುತ್ತದೆ.

ಅಜ್ಜನ ಧೋತರ, ರುಮಾಲು, ಮಾಂಜರಪಾಟಿನ ಥಾನು?

ನನಗೆ ಟ್ರಂಕಿನಲ್ಲಿ ಎಲ್ಲಕ್ಕಿಂತ ಇಷ್ಟದ ಬಟ್ಟೆ ಇವೇ. ಯಾರೂ ಜಗಳ ಮಾಡುವುದಿಲ್ಲ, ಎಲ್ಲದಕ್ಕೂ ಬರುತ್ತವೆ. ಮೆತ್ತಗಾದ ಧೋತರ ಕೂಸಿನ ಬಟ್ಟೆಗೆ, ಅಸ್ತರಕ್ಕೆ, ರೇಷ್ಮೆ ಸೀರೆ ಸುತ್ತಿಡುವುದಕ್ಕೆ. ಮಾಂಜರಪಾಟಿನಲ್ಲಿ (ಸಾದಾ ಹತ್ತಿ ಬಟ್ಟೆಯಲ್ಲಿ) ಕುಬಸದ ಅಳತೆಯನ್ನು ಮೊದಲು ಹೊಲಿದು ನೋಡಬಹುದು. ಎಳೆ ಎಣಿಸಲು ಬರುವಷ್ಟು ದಪ್ಪ ಖಾದಿ ಇದ್ದರೆ ಕಸೂತಿ ಕಲಿಯಲು ಅದೇ ಒಳ್ಳೆಯದು, ಕಸೂತಿಗೆಂದೇ ಮಾರುವ ಮ್ಯಾಟಿ ಬಟ್ಟೆ ಕೊಳ್ಳಬೇಕಿಲ್ಲ. ಜರಿ ರುಮಾಲನ್ನು ಕತ್ತರಿಸದೆ ಇಡಿ, ಮೊಮ್ಮಗನ ಮದುವೆಗೆ ಬೇಕಾಗುತ್ತದೆ.

ಹಳೆ ಜರಿ ಕೊಳ್ಳುವವರಿಗೆ ಕೊಡಬಹುದಾ?

ಅವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಹತ್ತಿ ಇಳಕಲ್ಲಿನ ದಡಿಯಲ್ಲಿ ಬಹಳ ಸಲ ಜರಿಯೇ ಇರುವುದಿಲ್ಲ, ರೇಷ್ಮೆ ಇಲ್ಲವೇ ಚಮಕಾ. ರೇಷ್ಮೆ ಸೀರೆಯ ಜರಿ ಎಳೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಕೆಂಪು ನೂಲು ಕಂಡರೆ ಅಸಲಿ ಇರಬಹುದು, ಪ್ಲಾಸ್ಟಿಕ್ಕಿನಂತೆ ಸಿಪ್ಪೆ ಎದ್ದರೆ ಅಲ್ಲ. ಬಾಗಿಲಿಗೆ ಬಂದವರಿಗೆ ಕೊಡುವ ಮೊದಲು ಅಕ್ಕಸಾಲಿಗರಿಗೆ ತೋರಿಸಿ.

ದೇವಿಗೆ ಉಡಿಸಿ ಪ್ರಸಾದವಾಗಿ ಬಂದ ಸೀರೆ, ತೀರಿಕೊಂಡವರ ಸೀರೆ ಹೊಲಿಗೆಗೆ ಬಳಸಬಹುದಾ?

ಸವದತ್ತಿ ಯಲ್ಲಮ್ಮನದೋ ಬನಶಂಕರಿಯದೋ ಸೀರೆಯಾದರೆ ಕಾಲೊರಸು, ಹಾಸಿಗೆ ಆಗದಂತೆ ನೋಡಿಕೊಂಡರೆ ಆಯಿತು. ದೇವರ ಮನೆಯ ಪರದೆ, ತೋರಣ, ಜಗುಲಿಯ ಹಾಸು ಮಾಡಿ. ತೀರಿಕೊಂಡವರ ಬಟ್ಟೆ ವಿಚಾರ ಮನೆಮನೆಗೆ ಬೇರೆ. ಕೆಲವರು ದಿನಕರ್ಮ ಮುಗಿಯುವುದರೊಳಗೆ ಕೊಟ್ಟುಬಿಡುತ್ತಾರೆ, ಕೆಲವರು ಅದೇ ಸೀರೆಯ ಕೌದಿ ಹೊದ್ದು ಮಲಗುತ್ತಾರೆ. ಹಿರಿಯರನ್ನು ಕೇಳಿ. ಹೊಲಿಗೆ ಟೀಚರ್ ಹೇಳುವ ವಿಷಯ ಅಲ್ಲ ಇದು.

ಅಕ್ಕತಂಗಿಯರು ಮೂವರು, ಚೆಂದದ ಸೀರೆ ಒಂದೇ.

ಗಟ್ಟಿ ಇದ್ದರೆ ಉಡುವವಳಿಗೆ ಹೋಗಲಿ. ಹರಿದಿದ್ದರೆ ಸೆರಗು ಒಬ್ಬಳಿಗೆ, ಎರಡು ದಡಿ ಇನ್ನೊಬ್ಬಳಿಗೆ, ಒಡಲು ಮತ್ತೊಬ್ಬಳಿಗೆ. ಕತ್ತರಿಸುವಾಗ ಮೂವರೂ ಎದುರಿಗೆ ಇರಲಿ. ಸೊಸೆಯನ್ನೂ ಒಂದು ಮಾತು ಕೇಳಿ, ಇಷ್ಟು ವರ್ಷ ಟ್ರಂಕು ಕಾದವಳು ಅವಳೇ.

ಗಂಟಿನಲ್ಲಿ ಹಳೆಯ ಖಾದಿ ಧ್ವಜ ಸಿಕ್ಕಿದೆ. ಬಟ್ಟೆ ಬಹಳ ಚೆನ್ನಾಗಿದೆ.

ನಮ್ಮ ಜಿಲ್ಲೆಯ ತುಳಸಿಗೇರಿಯಲ್ಲೇ ಧ್ವಜದ ಖಾದಿ ನೇಯುತ್ತಾರೆ, ಹಾಗಾಗಿ ಈ ಪ್ರಶ್ನೆಗೆ ಆಶ್ಚರ್ಯವಿಲ್ಲ. ಹೊಲಿದು ಸಿದ್ಧವಾದ ಧ್ವಜವನ್ನು ಯಾವ ಹೊಲಿಗೆಗೂ ಬಳಸಬೇಡಿ. 2002ರ ಧ್ವಜ ಸಂಹಿತೆಯ ಪ್ರಕಾರ ಅದನ್ನು ಹೊದಿಕೆ, ದಿಂಬು, ಕರವಸ್ತ್ರ ಮಾಡುವ ಹಾಗಿಲ್ಲ. ಪೂರ್ತಿ ಹಾಳಾಗಿದ್ದರೆ ಖಾಸಗಿಯಾಗಿ, ಮರ್ಯಾದೆಯಿಂದ, ಇಡಿಯಾಗಿ ಸುಡುವುದು ಕ್ರಮ.

ಉಳಿದದ್ದನ್ನು ಇಡುವುದು ಹೇಗೆ? ಕಂಬಳಿಗೆ ಹುಳು ಬಿದ್ದಿದೆ.

ಡಾಂಬರು ಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಒಗೆದ ಹಳೆ ಧೋತರದಲ್ಲಿ ಸುತ್ತಿ ಇಡಿ, ಪ್ಲಾಸ್ಟಿಕ್ ಚೀಲ ಬೇಡ. ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಮಡಿಕೆ ಬದಲಿಸಿ. ಕಬ್ಬಿಣದ ಟ್ರಂಕಾದರೆ ತಳಕ್ಕೆ ಹತ್ತಿ ಬಟ್ಟೆ ಹಾಸಿ. ಕಂಬಳಿಯನ್ನು ಬೇರೆ ಕಡೆಯೇ ಇಡಿ, ಅದರ ಹುಳು ರೇಷ್ಮೆಗೂ ಬರುತ್ತದೆ. ಬಿಸಿಲಲ್ಲಿ ಹಾಕಿ, ಜೋರಾಗಿ ಝಾಡಿಸಿ, ಬ್ರಷ್ ಹಾಕಿ. ತೂತು ಬಿದ್ದ ಕಂಬಳಿಯ ಗಟ್ಟಿ ಭಾಗ ಕೂರುವ ಆಸನಕ್ಕೆ ಬರುತ್ತದೆ.

ದರ್ಜಿ ಹಳೆ ಬಟ್ಟೆ ಹೊಲಿಯಲು ಒಪ್ಪುತ್ತಿಲ್ಲ.

ಅವರದ್ದೂ ತಪ್ಪಲ್ಲ, ಮಷಿನ್ನಿನಲ್ಲಿ ಹರಿದರೆ ಮಾತು ಅವರ ಮೇಲೆ ಬರುತ್ತದೆ. ಹರಿದರೆ ನನ್ನದೇ ಜವಾಬ್ದಾರಿ ಎಂದು ಮೊದಲೇ ಹೇಳಿ. ಅಸ್ತರವನ್ನು ನೀವೇ ಕಚ್ಚಾ ಹೊಲಿಗೆಯಲ್ಲಿ ಜೋಡಿಸಿ ಕೊಡಿ. 16 ನಂಬರ್ ಸೂಜಿ ತೆಗೆದು 11 ಹಾಕಲು ಕೇಳಿ, ಹೊಲಿಗೆ ಸ್ವಲ್ಪ ಉದ್ದ ಇರಲಿ. ಸಣ್ಣ ಹೊಲಿಗೆ ಹಾಕಿದಷ್ಟೂ ತೂತು ಜಾಸ್ತಿ, ಹಳೆ ರೇಷ್ಮೆ ಅದೇ ಸಾಲಿನಲ್ಲಿ ಸೀಳುತ್ತದೆ. ಅಷ್ಟಾದರೂ ಒಪ್ಪದಿದ್ದರೆ ಕೈಯಲ್ಲೇ ಹೊಲಿಯಿರಿ. ಕುಬಸ ಒಂದು ಬಿಟ್ಟರೆ ಮೇಲೆ ಹೇಳಿದ ಎಲ್ಲವೂ ಕೈಹೊಲಿಗೆಯಲ್ಲಿ ಆಗುತ್ತವೆ.